ಪಂಚೆ ಹಿಡಿದವಳ ನೆರಳು

ಯಲ್ದೂರಿನ ಮುನೇಶ ಏನು ಕೆಲಸ ಮಾಡುತ್ತಾನೆ ಎಂದು ಊರಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಫೋಟೋ ತೆಗೆಯುತ್ತಾನೆ ಎನ್ನುವವರು ಕೆಲವರು, ಮನೆಯಲ್ಲೇ ಕೂತು ಕಂಪ್ಯೂಟರ್ ಕುಟ್ಟುತ್ತಾನೆ ಎನ್ನುವವರು ಕೆಲವರು. ಹಾಲಿನ ಡೇರಿ ಕಟ್ಟೆಯ ಮೇಲೆ ದಿನವೂ ಹಾಜರಿರುವ ಆಂಜಿನಪ್ಪ ಮಾತ್ರ, "ಅವ್ನಾ? ಮಡಕೆ ನೆರಳು ಮಾರ್ಕೊಂಡು ಬದುಕ್ತಾನೆ ಕಣಪ್ಪ" ಎಂದು ನಗುತ್ತಾನೆ. ತಮಾಷೆಗೆ ಆಡಿದ್ದಾದರೂ ಸತ್ಯಕ್ಕೆ ಹತ್ತಿರವಿರುವುದು ಆಂಜಿನಪ್ಪನ ಮಾತೇ.

ಈಗ ಎಲ್ಲ ವ್ಯಾಪಾರವೂ ಫೋನಿನಲ್ಲಲ್ಲವೆ? ಅಂಗಡಿಯವರು ಸಾಮಾನಿನ ಫೋಟೋ ತೆಗೆಸುತ್ತಾರೆ. ಹಿಂದಿನ ಗೋಡೆ, ಕೆಳಗಿನ ನೆಲ ಎಲ್ಲವನ್ನೂ ಕತ್ತರಿಸಿ ಬಿಸಾಕಿ ಸಾಮಾನೊಂದನ್ನೇ ಉಳಿಸಿಕೊಡಬೇಕು. ಅಷ್ಟು ಮಾಡುವವರು ಬೀದಿಗೊಬ್ಬರು ಸಿಗುತ್ತಾರೆ. ಕಷ್ಟವಿರುವುದು ನೆರಳಿನಲ್ಲಿ. ನೆರಳನ್ನೂ ಕಿತ್ತುಹಾಕಿದರೆ ಮಡಕೆ ಗಾಳಿಯಲ್ಲಿ ತೇಲುತ್ತದೆ, ನೋಡಿದವರ ಮನಸ್ಸು ಯಾಕೆಂದು ತಿಳಿಯದೆಯೇ ಹಿಂಜರಿಯುತ್ತದೆ. ಆಮೇಲೆ ಬಳಿದ ಕಳ್ಳ ನೆರಳೋ, ಮಸಿಬಟ್ಟೆ ಬಿದ್ದಂತೆ ಕಾಣುತ್ತದೆ. ಮುನೇಶ ಬಿಸಿಲಿಗೆ ಬಿದ್ದ ನಿಜವಾದ ನೆರಳನ್ನೇ ನೆಲದಿಂದ ಬಿಡಿಸಿ ಎತ್ತುತ್ತಿದ್ದ. ಕೆಂಪು ನೆಲದ ಮೇಲಿಟ್ಟರೆ ಆ ನೆರಳಿನೊಳಗಿಂದ ಕೆಂಪು ಕಾಣಬೇಕು, ಹಲಗೆಯ ಮೇಲಿಟ್ಟರೆ ಮರದ ಗೆರೆ ಕಾಣಬೇಕು. ಬುಡದಲ್ಲಿ ಗಾಢ, ದೂರ ಹೋದಂತೆ ತೆಳು, ಅಂಚು ಎಲ್ಲಿ ಮುಗಿಯಿತೆಂದು ಹೇಳಲಾಗದ ಹಾಗೆ ಕರಗಿರಬೇಕು. ಆ ಅಂಚು ಕರಗಿಸುವುದರಲ್ಲಿ ಅವನದೇ ಒಂದು ಕೈ ಇತ್ತು. ನೂರು ಫೋಟೋ ಮುಂದಿಟ್ಟರೂ ಇದು ನನ್ನ ಕೆಲಸ ಎಂದು ಗುರುತು ಹಿಡಿಯುತ್ತಿದ್ದ. ಅದರ ಜಂಬವೂ ಅವನಿಗೆ ಸಾಕಷ್ಟಿತ್ತು.

ಫೋಟೋ ತೆಗೆಯುತ್ತಿದ್ದುದು ಮನೆಯ ತಾರಸಿಯ ಮೇಲೆ, ಬೆಳಗಿನ ಬಿಸಿಲಲ್ಲಿ. ಯಾರದೋ ಹುಟ್ಟುಹಬ್ಬದ ಹಳೆಯ ಫ್ಲೆಕ್ಸ್ ತಿರುಗಿಸಿ ಹಾಸಿದರೆ ಹಿಂಬದಿ ಬೆಳ್ಳಗೆ ಇರುತ್ತದೆ, ಅದೇ ಅವನ ನೆಲ. ಬಿಸಿಲು ಚುರುಕಾದರೆ ನೆರಳು ಗಡುಸಾಗುತ್ತದೆ, ಅದಕ್ಕೆ ಅಡ್ಡ ಒಂದು ಬಿಳಿ ಬಟ್ಟೆ ಬೇಕು. ತೀರಿಹೋದ ಅಪ್ಪನ ಪಂಚೆಯೊಂದಿತ್ತು. ಅದರ ಒಂದು ತುದಿಯನ್ನು ನೀರಿನ ಟ್ಯಾಂಕಿನ ಪೈಪಿಗೆ ಕಟ್ಟಿ, ಇನ್ನೊಂದು ತುದಿಯನ್ನು ಎರಡೂ ಕೈ ಎತ್ತಿ ಹಿಡಿದು ನಿಲ್ಲುತ್ತಿದ್ದವಳು ಅವನ ಹೆಂಡತಿ ತ್ರಿವೇಣಿ.

ತ್ರಿವೇಣಿ ಮಾಲೂರಿನವಳು. ಅವಳಪ್ಪ ಹೆಂಚಿನ ಕಾರ್ಖಾನೆಯಲ್ಲಿದ್ದವರು, ಹಾಗಾಗಿ ಮಣ್ಣಿನ ಸಾಮಾನು ಕಂಡರೆ ಅವಳಿಗೆ ಒಂಥರಾ ಸಲುಗೆ. ಯಾವ ಮಡಕೆಯ ಯಾವ ಕೆನ್ನೆಗೆ ಬೆಂಕಿ ಚೆನ್ನಾಗಿ ತಾಕಿದೆ ಎಂದು ನೋಡಿ, ಆ ಕಡೆಯನ್ನೇ ಕ್ಯಾಮೆರಾಕ್ಕೆ ತಿರುಗಿಸಿಡುತ್ತಿದ್ದಳು. ಆಮೇಲೆ ಪಂಚೆ ಹಿಡಿದು ನಿಲ್ಲುವುದು. "ಮೇಲೆ. ಇನ್ನೂ ಮೇಲೆ. ಕೈ ಇಳಿಸ್ಬೇಡ ಕಣೇ" ಎಂದು ಮುನೇಶ ಕ್ಯಾಮೆರಾದ ಹಿಂದಿನಿಂದ ಕೂಗುತ್ತಿದ್ದ. ಅವಳು ಇಳಿಸುತ್ತಿರಲಿಲ್ಲ. ಬಿಸಿಲಿನ ಕಡೆಗೆ ನಿಂತವಳ ನೆರಳು ಮಡಕೆಯ ನೆರಳಿನ ಪಕ್ಕದಲ್ಲೇ ಬೀಳುತ್ತಿತ್ತು. ಕೆಳಗೆ ಬಂದು ಕಂಪ್ಯೂಟರಿನ ಮುಂದೆ ಕೂತ ಮೇಲೆ ಮುನೇಶನ ಮೊದಲ ಕೆಲಸವೆಂದರೆ ಅದನ್ನು ಅಳಿಸುವುದು.

ಮದುವೆಯಾದ ಹೊಸದರಲ್ಲಿ ಅವಳು ಅವನ ಭುಜದ ಮೇಲಿಂದ ಬಗ್ಗಿ ನೋಡಿ, "ಇದ್ರಲ್ಲಿ ನಾನೆಲ್ಲಿ?" ಎಂದು ಕೇಳಿದ್ದಳು.

"ನೀನು ಕಾಣಿಸ್ಬಾರ್ದು. ಅದೇ ಕೆಲ್ಸ" ಎಂದು ಅವನು ನಕ್ಕಿದ್ದ. ಅವಳೂ ನಕ್ಕಿದ್ದಳು. ಆಮೇಲೆ ಕೇಳಲಿಲ್ಲ.

ಒಂದು ಚಳಿಗಾಲದಲ್ಲಿ ಎಡವಟ್ಟಾಯಿತು. ಕೋಲಾರದ ನಂದಕುಮಾರ್ ಎಂಬಾತ ಮಣ್ಣಿನ ಪಾತ್ರೆ, ಉಪ್ಪಿನಕಾಯಿ, ಹಪ್ಪಳ ಎಲ್ಲವನ್ನೂ ಆನ್‌ಲೈನಿನಲ್ಲಿ ಮಾರುವವನು. ಮುನೇಶನಿಗೆ ವರ್ಷವಿಡೀ ಕೆಲಸ ಕೊಡುತ್ತಿದ್ದವನೂ ಅವನೇ. ಮಾಲೂರಿನ ದೊಡ್ಡದೊಂದು ನೀರಿನ ಮಡಕೆಯ ಫೋಟೋ ಕಳಿಸುವಾಗ ಮುನೇಶ ಅವಸರದಲ್ಲಿ ತಿದ್ದಿದ ಫೋಟೋದ ಬದಲು ತಾರಸಿಯಲ್ಲಿ ತೆಗೆದ ಹಸಿ ಫೋಟೋವನ್ನೇ ಮೇಲ್ ಮಾಡಿಬಿಟ್ಟ. ಚಳಿಗಾಲದ ಬಿಸಿಲು ಓರೆ. ಅಡಿಯಿಂದ ಮುಡಿಯವರೆಗೆ ತ್ರಿವೇಣಿಯ ಇಡೀ ನೆರಳು ಫ್ಲೆಕ್ಸಿನ ಉದ್ದಕ್ಕೂ ಬಿದ್ದಿತ್ತು. ನಂದಕುಮಾರ್ ಅದರ ಸುತ್ತ ಕೆಂಪು ಗೆರೆ ಎಳೆದು ವಾಟ್ಸಾಪಿನಲ್ಲಿ ವಾಪಸ್ ಕಳಿಸಿದ, ಜೊತೆಗೆ ಒಂದು ಮಾತು: "ಮುನೇಶ್, ಮಡಕೆ ಫೋಟೋ ಕೇಳಿದ್ದು. ಈ ಯಮ್ಮ ಯಾರು?"

ತಪ್ಪು ಮುನೇಶನದು. ಬೈಸಿಕೊಂಡವಳು ತ್ರಿವೇಣಿ. "ಒಸಿ ಪಕ್ಕಕ್ಕೆ ಸರ್ಕೊಂಡು ನಿಂತ್ಕೊಳಕ್ಕೆ ಏನ್ ದಾಡಿ ನಿಂಗೆ?" ಎಂದು ಅವನು ರೇಗಿದ. ಸರಿದು ನಿಂತರೆ ಪಂಚೆ ಎಟುಕುವುದಿಲ್ಲ ಎಂದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಇನ್ನು ಇಂಥ ಅವಮಾನ ಆಗಕೂಡದೆಂದು ಅವನು ಹೊಸ ಸಾಫ್ಟ್‌ವೇರ್ ಒಂದನ್ನು ತಂದ. ಹೇಳಿಕೊಟ್ಟರೆ ತಾನಾಗಿ ಕಲಿಯುವಂಥದು. ಹಳೆಯ ಹಸಿ ಫೋಟೋಗಳನ್ನು ಒಂದೊಂದಾಗಿ ತೆರೆದು, ಸಾಮಾನಿನ ನೆರಳಿನ ಮೇಲೆ ಹಸಿರು ಬಳಿಯಬೇಕು, ಅಂದರೆ ಇದು ಇರಲಿ. ತೆಗೆಯಬೇಕಾದ್ದರ ಮೇಲೆ ಕೆಂಪು ಬಳಿಯಬೇಕು, ಅಂದರೆ ಇದು ಬೇಡ. ಇಡೀ ಮಳೆಗಾಲ ಮುನೇಶ ಕೂತು ತ್ರಿವೇಣಿಯ ನೆರಳಿಗೆ ಕೆಂಪು ಬಳಿದ. ಅವಳ ತಲೆ, ಅವಳ ಎತ್ತಿದ ತೋಳು, ಗಾಳಿಗೆ ಹಾರಿದ ಅವಳ ಸೆರಗು. ಬೇಡ, ಬೇಡ, ಬೇಡ. ಬಾಯಲ್ಲೂ ಅದನ್ನೇ ಗೊಣಗುವ ಚಟ ಹತ್ತಿತ್ತು.

ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದ ತ್ರಿವೇಣಿ ಒಂದು ದಿನ ಕೇಳಿದಳು. "ಅಷ್ಟೊಂದ್ ಸಲ ಬೇಡ ಅಂತೀರಲ್ಲ, ಒಂದ್ ಸಲಾನೂ ಇರ್ಲಿ ಅನ್ನಿಸ್ಲಿಲ್ವೇನ್ರೀ?"

"ಲೇ, ನಿನ್ನಲ್ಲ ಕಣೇ. ನೆರಳ್ನ" ಎಂದ ಅವನು, ತಲೆ ಎತ್ತದೆ.

ಸಾಫ್ಟ್‌ವೇರ್ ಕಲಿಯಿತು. ಎಷ್ಟು ಚೆನ್ನಾಗಿ ಕಲಿಯಿತೆಂದರೆ ಮುನೇಶನ ಕೈಯ ಹದವೂ ಅದಕ್ಕೆ ಬಂತು. ಕಲಿತಾಯಿತಲ್ಲ, ಇನ್ನೇಕೆ ಎಂದು ಅವನು ಹಸಿ ಫೋಟೋಗಳನ್ನೆಲ್ಲ ಅಳಿಸಿ ಜಾಗ ಖಾಲಿ ಮಾಡಿದ. ದಸರಾ ಹೊತ್ತಿಗೆ ಇನ್ನೊಂದು ಸಂಗತಿ ಅವನ ಗಮನಕ್ಕೆ ಬಂತು. ಕ್ಯಾಮೆರಾದಿಂದ ಆಗತಾನೇ ಇಳಿಸಿದ, ಸಾಫ್ಟ್‌ವೇರಿಗೆ ಇನ್ನೂ ತೋರಿಸದ ಫೋಟೋದಲ್ಲೇ ತ್ರಿವೇಣಿಯ ನೆರಳಿರಲಿಲ್ಲ. ಮಡಕೆ ಇತ್ತು, ಮಡಕೆಯ ನೆರಳಿತ್ತು, ಪಂಚೆಯ ಮಬ್ಬಿತ್ತು. ಅವಳು ಕೊನೆಗೂ ನಿಲ್ಲುವುದು ಕಲಿತಳಲ್ಲ ಎಂದು ಅವನಿಗೆ ಖುಷಿಯಾಯಿತು. "ಈಗ ಸರಿಯಾಗ್ ನಿಂತ್ಕೊಂತಿದೀಯ ನೋಡು" ಎಂದು ಹೊಗಳಿದ.

"ನಾನು ಯಾವಾಗ್ಲೂ ನಿಲ್ಲೋ ಕಡೇನೇ ನಿಂತಿದೀನಲ್ಲ?" ಎಂದಳು ತ್ರಿವೇಣಿ. ಅವನು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮೊದಲು ತಿಳಿದದ್ದು ಅವನ ತಾಯಿ ದೊಡ್ಡವೆಂಕಟಮ್ಮನಿಗೆ. ಮುದುಕಿಯ ಎರಡೂ ಕಣ್ಣಿಗೆ ಪೊರೆ. ಆಪರೇಷನ್ ಎಂದರೆ ಎದ್ದು ಒಳಗೆ ಹೋಗುತ್ತಾಳೆ. ಮುಖ ಕಾಣುವುದಿಲ್ಲ, ಬೆಳಕು ಕತ್ತಲೆ ಮಾತ್ರ ತಿಳಿಯುತ್ತದೆ. ಬೆಳಗಾದರೆ ಅಂಗಳದ ಬಿಸಿಲಲ್ಲಿ ಕಾಲು ಚಾಚಿ ಕೂತು, ಮೊರ ಮುಂದಿಟ್ಟುಕೊಂಡು ಕೈಯಂದಾಜಿನಲ್ಲೇ ಕಾಳು ಹಸನು ಮಾಡುತ್ತಾಳೆ. ಮೊರದ ಮೇಲೆ ಬೀಳುವ ನೆರಳನ್ನು ನೋಡಿಯೇ ಯಾರು ಬಂದರು, ಯಾರು ಹೋದರು ಎಂದು ಹೇಳುತ್ತಾಳೆ. ಮಗನ ನೆರಳು ಗಿಡ್ಡ, ದಪ್ಪ. ಸೊಸೆಯದು ಉದ್ದ, ಸಣ್ಣ. ಒಮ್ಮೆಯೂ ತಪ್ಪಿದ್ದಿಲ್ಲ.

ಆಗ ಅವರೆಕಾಯಿಯ ಕಾಲ. ಮುದುಕಿ ಅವರೆ ಬಿಡಿಸುತ್ತಿದ್ದಳು. ತ್ರಿವೇಣಿ ಕಾಫಿ ಲೋಟ ತಂದು ಕೈಗೆ ಕೊಟ್ಟಳು. ಮುದುಕಿ ಬೆಚ್ಚಿಬಿದ್ದು ಲೋಟ ಚೆಲ್ಲಿದಳು.

"ಎವರದಿ? ಯಾರದು?"

"ನಾನೇ ಅತ್ತಮ್ಮ, ತ್ರಿವೇಣಿ."

ದೊಡ್ಡವೆಂಕಟಮ್ಮ ಮೊರದ ಮೇಲೆ ಕೈಯಾಡಿಸಿದಳು, ನೆರಳನ್ನು ತಡವಿ ಹುಡುಕುವವಳ ಹಾಗೆ. ಮೊರದ ತುಂಬ ಬಿಸಿಲೇ ಬಿಸಿಲು. ಎದುರಿಗೆ ಬಗ್ಗಿ ನಿಂತ ಆಳೆತ್ತರದ ಹೆಂಗಸು ಆ ಬಿಸಿಲಿಗೆ ಎಳ್ಳಷ್ಟೂ ಅಡ್ಡಿಯಾಗಿರಲಿಲ್ಲ. "ಲೇ ಮುನೇಶ, ಬಾರೋ ಇಲ್ಲಿ. ನಿನ್ನೆಂಡ್ತಿ ದನಿ ಬತ್ತೈತೆ, ಆಯಮ್ಮ ಎಲ್ಲೋ?" ಎಂದು ಕೂಗಿದಳು.

ಮುನೇಶ ಬಾಗಿಲಲ್ಲಿ ನಿಂತು ನೋಡಿದ. ಮುದುಕಿಯ ನೆರಳು ನೆಲದ ಮೇಲೆ ಕಪ್ಪಗಿತ್ತು. ಮೊರದ್ದಿತ್ತು, ತುಳಸಿಕಟ್ಟೆಯದಿತ್ತು. ತ್ರಿವೇಣಿಯ ಕಾಲ ಬುಡದಲ್ಲಿ ಮಾತ್ರ ಏನೋ ಒಂದು ಮಬ್ಬು, ನೀರು ಮಜ್ಜಿಗೆ ಚೆಲ್ಲಿ ಒಣಗಿದಂತೆ. ಅವಳ ಮೊಣಕಾಲಿನಷ್ಟು ದೂರಕ್ಕೆ ಹೋಗುವುದರೊಳಗೆ ಅದೂ ಕರಗಿತ್ತು. ಅಂಚು ಎಲ್ಲಿ ಮುಗಿಯಿತೆಂದು ಹೇಳಲಾಗುತ್ತಿರಲಿಲ್ಲ. ಆ ಅಂಚನ್ನು ಅವನು ಗುರುತು ಹಿಡಿದ. ಅದು ಅವನದೇ ಕೈಕೆಲಸ.

ಅವಳನ್ನು ತಾರಸಿಗೆ ಕರೆದುಕೊಂಡು ಹೋಗಿ ಬಿಸಿಲಲ್ಲಿ ನಿಲ್ಲಿಸಿದ. ಹಿಂದೆ ಮುಂದೆ ತಿರುಗಿಸಿದ.

"ಏನಾದ್ರೂ ಆಗ್ತಿದೆಯೇನೇ ನಿಂಗೆ? ನೋವು, ಗೀವು?"

"ನೋವೇನಿಲ್ಲ." ಅವಳು ತನ್ನ ಅಂಗೈ ನೋಡಿಕೊಂಡಳು. "ಬಿಸ್ಲು ತಾಕ್ತಿಲ್ಲ ಕಣ್ರೀ. ಶಾನೆ ದಿನ ಆಯ್ತು. ಹೇಳಿದ್ರೆ ಎಲ್ಲಿ ನಗ್ತೀರೋ ಅಂತ ಸುಮ್ಕಿದ್ದೆ."

ಅವತ್ತೇ ಮುನೇಶ ಆ ಸಾಫ್ಟ್‌ವೇರನ್ನು ಬೇರುಸಹಿತ ಕಿತ್ತುಹಾಕಿದ. ಏನೂ ಪ್ರಯೋಜನವಾಗಲಿಲ್ಲ. ಕಲಿತದ್ದು ಕಲಿತಾಗಿತ್ತು. ದಿನ ಕಳೆದಂತೆ ಕಾಲ ಬುಡದ ಮಬ್ಬು ಇನ್ನಷ್ಟು ತೆಳುವಾಯಿತು, ಅದರ ಜೊತೆಗೆ ಬೇರೆ ಬೇರೆ ಸಂಗತಿಗಳು ಶುರುವಾದವು. ಅಂಗಳದಲ್ಲಿ ಅವಳು ನಡೆದರೆ ಕೋಳಿಗಳು ದಾರಿ ಬಿಡುತ್ತಿರಲಿಲ್ಲ. ಹಾಲಿನ ಡೇರಿಯಲ್ಲಿ ಅವಳ ಕ್ಯಾನು ಎದುರಿಗಿದ್ದರೂ ಹಿಂದಿನವರ ಹಾಲು ಅಳೆಯುತ್ತಿದ್ದರು. ಹೂವಿನವಳು ಅವಳ ಮುಂದೆಯೇ ನಿಂತು, ಮನೆಯಲ್ಲಿ ಯಾರೂ ಇಲ್ಲವೇ ಎಂದು ಕೂಗಿ ಹೋದಳು. ಯಾರಿಗೂ ಅವಳ ಮೇಲೆ ಕೋಪವಿರಲಿಲ್ಲ. ಅವರ ಕಣ್ಣು ಅವಳ ಮೇಲೆ ನಿಲ್ಲುತ್ತಿರಲಿಲ್ಲ, ಅಷ್ಟೆ. ನೆರಳಿಲ್ಲದ ಮಡಕೆಯನ್ನು ಜನ ಹೇಗೆ ದಾಟಿಹೋಗುತ್ತಾರೆಂದು ಊರಿಗೆಲ್ಲ ವಿವರಿಸುತ್ತಿದ್ದವನು ಮುನೇಶನೇ ಅಲ್ಲವೆ!

ಅವನೂ ಇದಕ್ಕೆ ಹೊರತಾಗಿರಲಿಲ್ಲ. ಒಮ್ಮೆ ಅಡುಗೆಮನೆಗೆ ಹೋಗಿ ನೀರು ಕುಡಿದು ಹೊರಗೆ ಬಂದ ಮೇಲೆ, ಒಲೆಯ ಮುಂದೆ ಅವಳಿದ್ದಳೋ ಇಲ್ಲವೋ ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ತಿರುಗಿ ಓಡಿದ. ಇದ್ದಳು. ಮುದ್ದೆ ತಿರುವುತ್ತಿದ್ದಳು. ಅವನಿಗೆ ಅಳು ಬಂತು.

ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದರು. ತ್ರಿವೇಣಿ ಅತ್ತೆಯ ತಟ್ಟೆಗೆ ಮುದ್ದೆ ಇಟ್ಟು ಹಿತಕಿದ ಅವರೆಬೇಳೆ ಸಾರು ಬಡಿಸಿದಳು. ಮುದುಕಿ ಒಂದು ತುತ್ತು ನುಂಗಿ, ಮಗನ ಕಡೆ ತಿರುಗಿ ಅಕ್ಕರೆಯಿಂದ ಹೇಳಿದಳು.

"ನಾಯ್ನಾ, ನಿಂಗೂ ವಯಸ್ಸಾಗ್ತಾ ಬಂತು. ಎಷ್ಟು ದಿನ ಅಂತ ಒಬ್ನೇ ಬೇಯಿಸ್ಕೊಂಡು ತಿಂತೀಯ? ಎಲ್ಲಾದ್ರೂ ಒಂದು ಎಣ್ಣು ನೋಡಾನ."

ಮುನೇಶನ ಕೈ ತಟ್ಟೆಯಲ್ಲೇ ನಿಂತಿತು. ತ್ರಿವೇಣಿ ಸಾರಿನ ಸೌಟು ಹಿಡಿದು ಹಾಗೆಯೇ ನಿಂತಿದ್ದಳು. "ನಾನಿದೀನಲ್ಲ ಅತ್ತಮ್ಮ" ಎಂದಳು, ಮೆಲ್ಲಗೆ. ಮುದುಕಿ ಇನ್ನೊಂದು ತುತ್ತು ಮುರಿದಳು. ಸೊಸೆಯ ದನಿಯೂ ಕೇಳಿಸದ ಮಟ್ಟಕ್ಕೆ ಬಂದಿತ್ತು.

ಊಟ ಬಿಟ್ಟು ಎದ್ದ ಮುನೇಶ ಹುಚ್ಚನಂತೆ ಹುಡುಕಿದ. ಅವಳ ನೆರಳು ಎಲ್ಲಾದರೂ ಒಂದು ಕಡೆ ಉಳಿದಿರಬೇಕು. ಒಂದು ಸಿಕ್ಕರೆ ಸಾಕು, ಅದನ್ನು ಹಿಡಿದು ಏನಾದರೂ ಮಾಡಬಹುದು. ಬೇರೆ ದಾರಿ ಅವನಿಗೆ ಹೊಳೆಯಲಿಲ್ಲ. ಹಸಿ ಫೋಟೋಗಳೆಲ್ಲ ಹೋಗಿದ್ದವು, ಕಳಿಸಿದ ಹಳೆಯ ಮೇಲ್‌ಗಳನ್ನೂ ಜಾಗಕ್ಕೆಂದು ಅಳಿಸಿದ್ದ. ಅಟ್ಟದ ಮೇಲಿನ ಮದುವೆ ಆಲ್ಬಮ್ ಇಳಿಸಿದ. ಅದನ್ನು ಮಾಡಿದವನೂ ಅವನೇ. ತಾಳಿ ಕಟ್ಟುವ ಜೋಡಿಯನ್ನು ಛತ್ರದಿಂದ ಕತ್ತರಿಸಿ ತೆಗೆದು ಯಾವುದೋ ಅರಮನೆಯ ಮುಂದೆ, ಯಾವುದೋ ಜಲಪಾತದ ಮುಂದೆ ಅಂಟಿಸಿದ್ದ. ಆಗಿನ್ನೂ ನೆರಳು ಉಳಿಸುವ ವಿದ್ಯೆ ಬಂದಿರಲಿಲ್ಲ. ಪುಟಪುಟದಲ್ಲೂ ಇಬ್ಬರೂ ನೆಲ ಮುಟ್ಟದೆ ತೇಲುತ್ತಿದ್ದರು.

ಆಗ ನೆನಪಾಯಿತು, ಕೆಂಪು ಗೆರೆಯ ಫೋಟೋ. ವಾಟ್ಸಾಪಿನಲ್ಲಿ ವರ್ಷದ ಹಿಂದಕ್ಕೆ ಜರುಗಿಸಿದ. "ಈ ಯಮ್ಮ ಯಾರು?" ಎಂಬ ಮಾತು ಹಾಗೆಯೇ ಇತ್ತು. ಮೇಲಿನ ಫೋಟೋ ಮಸುಕಾಗಿತ್ತು, ಒತ್ತಿದರೆ ತೆರೆಯಲಿಲ್ಲ. ಫೋನು ಮಾಡಿ ಕೇಳಿದರೆ ನಂದಕುಮಾರ್, "ಆಫೀಸ್ ಕಂಪ್ಯೂಟರಲ್ಲಿರ್ಬೋದು, ಬಂದು ನೋಡ್ಕೊಳ್ಳಿ" ಎಂದ.

ಮಾರನೆಯ ದಿನ ಇಬ್ಬರೂ ಕೋಲಾರದ ಬಸ್ಸು ಹತ್ತಿದರು. ಅವಳನ್ನು ಬಿಟ್ಟುಹೋಗಲು ಮುನೇಶನಿಗೆ ಧೈರ್ಯವಿರಲಿಲ್ಲ. ತಿರುಗಿ ಬರುವಷ್ಟರಲ್ಲಿ ತಾನೂ ಮರೆತುಬಿಟ್ಟರೆ? ಅವಳ ಕೈಯನ್ನು ಗಟ್ಟಿಯಾಗಿ ಹಿಡಿದು ಕೂತಿದ್ದ. "ನಂದೊಂದು ಟಿಕೆಟ್, ಲೇಡೀಸ್ ಫ್ರೀ ಒಂದು" ಎಂದ. ತ್ರಿವೇಣಿ ಆಧಾರ್ ಕಾರ್ಡು ಮುಂದೆ ಚಾಚಿದಳು.

"ಯಾವ ಲೇಡೀಸು?" ಎಂದ ಕಂಡಕ್ಟರ್. ಒಂದೇ ಟಿಕೆಟ್ ಹರಿದುಕೊಟ್ಟು ಮುಂದೆ ಹೋದ. ಶ್ರೀನಿವಾಸಪುರದಲ್ಲಿ ಹತ್ತಿದ ಒಬ್ಬ ದಪ್ಪ ಆಸಾಮಿ, ಖಾಲಿ ಸೀಟೆಂದುಕೊಂಡು ಅವಳ ಮೇಲೆಯೇ ಕೂರಲು ಬಂದ. ಮುನೇಶ ಅಡ್ಡ ಕೈ ಹಿಡಿದ. "ಯಾರಿಗ್ ಹಿಡ್ದಿದೀರಿ ಸೀಟು?" ಎಂದು ಅವನು ಜಗಳಕ್ಕೆ ಬಂದ. ಕೋಲಾರ ಮುಟ್ಟುವವರೆಗೂ ಆ ಆಸಾಮಿ ನಿಂತುಕೊಂಡೇ ಮುನೇಶನನ್ನು ದುರುಗುಟ್ಟಿ ನೋಡುತ್ತಿದ್ದ. ತ್ರಿವೇಣಿ ಕಾರ್ಡಿನ ಮೇಲಿದ್ದ ತನ್ನ ಫೋಟೋ ನೋಡುತ್ತ ಕೂತಿದ್ದಳು.

ನಂದಕುಮಾರ್ ಒಂದು ಟೀ ತರಿಸಿದ, ಒಂದೇ. ಕಂಪ್ಯೂಟರಿನಲ್ಲಿ ಹುಡುಕಿ ಹಳೆಯ ಮೇಲ್ ತೆರೆದ. ಕೆಂಪು ಗೆರೆ ಎಳೆಯುವ ಮುಂಚಿನ ಫೋಟೋ ಪರದೆಯ ತುಂಬ ಬಂತು. ಮಾಲೂರಿನ ಮಡಕೆ, ಅದರ ಪಕ್ಕದಲ್ಲಿ ತ್ರಿವೇಣಿಯ ನೆರಳು. ಜಡೆ ಕಾಣುತ್ತಿತ್ತು. ಎರಡೂ ಕೈ ಮೇಲೆತ್ತಿದ್ದಳು, ಹಿಡಿಯಲ್ಲಿ ಪಂಚೆಯ ಮೂಲೆ. ಒಂದು ಕಾಲಿನ ಹಿಮ್ಮಡಿ ನೆಲ ಬಿಟ್ಟು ಎದ್ದಿತ್ತು, ಎಟುಕಲೆಂದು. ಅವಳು ತುದಿಗಾಲಲ್ಲಿ ನಿಲ್ಲುತ್ತಿದ್ದಳೆಂದು ಮುನೇಶನಿಗೆ ಇಷ್ಟು ವರ್ಷದಲ್ಲಿ ಗೊತ್ತೇ ಇರಲಿಲ್ಲ. ಅವನು ಅಲ್ಲೇ, ಪರರ ಮುಂದೆ, ಬಿಕ್ಕಿಬಿಕ್ಕಿ ಅತ್ತ.

"ನಿಮ್ಮ ಮನೆಯವ್ರಾ?" ನಂದಕುಮಾರನ ದನಿ ಮೆತ್ತಗಾಯಿತು. "ಗೊತ್ತೇ ಇರ್ಲಿಲ್ಲ ನೋಡಿ. ಯಾವಾಗ ತೀರ್ಕೊಂಡ್ರು?"

"ನಾನಿನ್ನೂ ಇದೀನಣ್ಣ" ಎಂದಳು ತ್ರಿವೇಣಿ, ಅವನ ಪಕ್ಕದಲ್ಲೇ ನಿಂತು. ನಂದಕುಮಾರ್ ಮುನೇಶನ ಬೆನ್ನು ತಟ್ಟಿ ಫೋಟೋವನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟ.

ಮನೆಗೆ ಬಂದು ಮುನೇಶ ಕಂಪ್ಯೂಟರಿನ ಮುಂದೆ ಕೂತು ಮೌಸಿನ ಮೇಲೆ ಕೈಯಿಟ್ಟ. ಈ ಕೈ ಮುಟ್ಟಿದ್ದರಿಂದಲೇ ಅವಳಿಗೆ ಈ ಗತಿ ಬಂದದ್ದು. ಆದರೂ ಮುಟ್ಟದೆ ವಿಧಿಯಿರಲಿಲ್ಲ. ಮೊದಲ ಸಲ ಮಡಕೆಯನ್ನು ಅಳಿಸಿದ, ಮಡಕೆಯ ನೆರಳನ್ನು ಅಳಿಸಿದ, ತ್ರಿವೇಣಿಯದನ್ನು ಉಳಿಸಿಕೊಂಡ. ತೆಳು ಮಾಡಲಿಲ್ಲ. ಅಂಚು ಕರಗಿಸಲಿಲ್ಲ. ಬಿಸಿಲಿಗೆ ಹೇಗೆ ಬಿದ್ದಿತ್ತೋ ಹಾಗೆ ಬಿಟ್ಟ. ಶ್ರೀನಿವಾಸಪುರದ ಫ್ಲೆಕ್ಸ್ ಅಂಗಡಿಯಲ್ಲಿ ಅದನ್ನು ಆಳೆತ್ತರಕ್ಕೆ ಪ್ರಿಂಟ್ ಹಾಕಿಸಿದ. ಅಂಗಡಿಯವನು, "ಹೆಸರು, ದಿನಾಂಕ ಏನ್ ಹಾಕ್ಬೇಕು ಸಾರ್, ಶ್ರದ್ಧಾಂಜಲಿ ಅಂತ ಬರೀಲಾ?" ಎಂದು ಕೇಳಿದಾಗ, ದುಡ್ಡು ಕೊಟ್ಟು ಫ್ಲೆಕ್ಸ್ ಸುತ್ತಿಕೊಂಡು ಎದ್ದುಬಂದ.

ಬೆಳಿಗ್ಗೆ ಬಿಸಿಲೇರಿದಾಗ ತಾರಸಿಯ ಮೇಲೆ ಫ್ಲೆಕ್ಸ್ ಹಾಸಿದ. ಮತ್ತೆ ಚಳಿಗಾಲ, ಅದೇ ಓರೆ ಬಿಸಿಲು. ಪೈಪಿಗೆ ಪಂಚೆ ಕಟ್ಟಿದ. ತ್ರಿವೇಣಿ ನೆರಳಿನ ಪಾದಕ್ಕೆ ಪಾದ ಸೇರಿಸಿ ನಿಂತು, ಎಂದಿನಂತೆ ಎರಡೂ ಕೈ ಎತ್ತಿ ಪಂಚೆಯ ಮೂಲೆ ಹಿಡಿದಳು. ಅವಳ ಕಾಲ ಬುಡದಲ್ಲಿ ಆಗ ಮಬ್ಬೂ ಉಳಿದಿರಲಿಲ್ಲ. ಅವಳ ಸೀರೆಯ ಮೂಲಕ ಹಿಂದಿನ ಟ್ಯಾಂಕು ಕಾಣುತ್ತಿದೆಯೇನೋ ಎಂದು ಒಂದು ಗಳಿಗೆ ಅನ್ನಿಸಿ ಮುನೇಶ ಕಣ್ಣುಜ್ಜಿಕೊಂಡ.

"ಎಷ್ಟೊತ್ತು ನಿಲ್ಲಲಿ?" ಎಂದಳು.

"ಗೊತ್ತಿಲ್ಲ ಕಣೇ. ಕೈ ಇಳಿಸ್ಬೇಡ."

ಅವಳು ನಿಂತಳು. ಅವನು ಕ್ಯಾಮೆರಾ ಮುಟ್ಟಲಿಲ್ಲ, ಅವಳ ಮುಖವನ್ನೇ ನೋಡುತ್ತ ಕೂತ. ಎಷ್ಟೋ ಹೊತ್ತಿನ ಮೇಲೆ ಅವಳ ಹಣೆಯ ಮೇಲೆ ಬೆವರಿನ ಹನಿ ಮೂಡಿತು. "ಬಿಸ್ಲು ತಾಕ್ತಿದೆ ರೀ!" ಎಂದು ಅವಳು ಕಿರುಚಿದಳು. ಪಂಚೆ ಬಿಟ್ಟು ಅವನ ಕಡೆ ಓಡಿಬಂದಳು. ಅವಳ ಹಿಂದೆ ಫ್ಲೆಕ್ಸ್ ಖಾಲಿಯಾಗಿತ್ತು. ಒಂದು ಚುಕ್ಕೆ ಮಸಿಯಿಲ್ಲ, ಬರೀ ಬಿಳುಪು. ನೆರಳು ಅವಳ ಕಾಲಿಗೆ ಅಂಟಿಕೊಂಡು ಬಂದಿತ್ತು, ಕಪ್ಪಗೆ, ಗಟ್ಟಿಯಾಗಿ. ಇಬ್ಬರೂ ಅಳುತ್ತ ನಗುತ್ತ ತಾರಸಿಯ ಮೇಲೆ ಮಕ್ಕಳ ಹಾಗೆ ಕುಣಿದಾಡಿದರು. ಕೆಳಗೆ ಬೀದಿಯಲ್ಲಿ ಹೋಗುತ್ತಿದ್ದ ಆಂಜಿನಪ್ಪ ತಲೆ ಎತ್ತಿ, "ಏನಮ್ಮ ತ್ರಿವೇಣಿ, ಏನ್ ವಿಶೇಷ?" ಎಂದು ಕೇಳಿದ. ಆ ಹೆಸರು ಬೇರೆಯವರ ಬಾಯಲ್ಲಿ ಕೇಳಿ ಮುನೇಶನಿಗೆ ಸಮಾಧಾನದ ಉಸಿರು ಬಂತು.

ಮೆಟ್ಟಿಲಿಳಿಯುವಾಗ ಅವನು ಅದನ್ನು ಗಮನಿಸಿದ. ತ್ರಿವೇಣಿ ಮುಂದೆ ಇಳಿಯುತ್ತಿದ್ದಳು. ಒಂದು ಕೈಯಲ್ಲಿ ಸೆರಗು ಹಿಡಿದು, ಇನ್ನೊಂದನ್ನು ಗೋಡೆಗೆ ಊರಿದ್ದಳು. ಗೋಡೆಯ ಮೇಲೆ ಅವಳ ನೆರಳು ಎರಡೂ ಕೈ ಮೇಲೆತ್ತಿಕೊಂಡು ಇಳಿಯುತ್ತಿತ್ತು.

ಅವನು ಅವಳನ್ನು ನಿಲ್ಲಿಸಿದ. ಕೈಕಟ್ಟಿ ನಿಲ್ಲಲು ಹೇಳಿದ, ಕೂರಲು ಹೇಳಿದ, ಮಲಗಲು ಹೇಳಿದ. ನೆರಳು ಕೂರಲಿಲ್ಲ, ಮಲಗಲಿಲ್ಲ. ಬಿಸಿಲು ನೆತ್ತಿಗೆ ಬಂದು ಊರಿನ ನೆರಳೆಲ್ಲ ಕುಗ್ಗಿದರೂ ಅವಳದು ಮಾತ್ರ ಅದೇ ಬೆಳಗಿನ ಉದ್ದಕ್ಕೆ, ಒಂದು ಹಿಮ್ಮಡಿ ಎತ್ತಿ, ಪಂಚೆಯ ಮೂಲೆ ಹಿಡಿದು ಬಿದ್ದಿತ್ತು. "ಇಳಿಸು" ಎಂದು ಮುನೇಶ ನೆಲಕ್ಕೆ ಬಗ್ಗಿ ಹೇಳಿದ. "ಕೈ ಇಳಿಸು, ಸಾಕು." ಹೇಳಿಕೊಟ್ಟರೆ ಕಲಿಯುವಂಥದಾಗಿರಲಿಲ್ಲ ಅದು.

ಈಗಲೂ ಮುನೇಶ ಅದೇ ಕೆಲಸ ಮಾಡುತ್ತಾನೆ. ಪಂಚೆಯ ಎರಡೂ ತುದಿಯನ್ನು ಕಂಬಕ್ಕೆ ಕಟ್ಟುತ್ತಾನೆ, ಹೆಂಡತಿಯನ್ನು ತಾರಸಿಗೆ ಕರೆಯುವುದಿಲ್ಲ. ತ್ರಿವೇಣಿ ಡೇರಿಗೆ ಹೋಗುತ್ತಾಳೆ, ಬಸ್ಸಿನಲ್ಲಿ ಫ್ರೀ ಟಿಕೆಟ್ ಇಸಿದುಕೊಳ್ಳುತ್ತಾಳೆ, ಜನ ಅವಳನ್ನು ಮಾತಾಡಿಸುತ್ತಾರೆ. ನೆಲ ನೋಡಿ ನಡೆಯುವವರು ಊರಲ್ಲಿ ಕಡಿಮೆ, ಹಾಗಾಗಿ ಯಾರೂ ಏನೂ ಕೇಳಿಲ್ಲ.

ದೊಡ್ಡವೆಂಕಟಮ್ಮನೊಬ್ಬಳಿಗೆ ಮಾತ್ರ ಕಾಣುವುದು ನೆರಳೇ. ಬೆಳಿಗ್ಗೆ ಅಂಗಳದಲ್ಲಿ ಮೊರದ ಮುಂದೆ ಕೂತಿರುತ್ತಾಳೆ. ತ್ರಿವೇಣಿ ಕಾಫಿ ತಂದುಕೊಟ್ಟು ಪಕ್ಕದಲ್ಲೇ ಕಾಲು ಚಾಚಿ ಕೂರುತ್ತಾಳೆ. ಮುದುಕಿ ಮೊರದ ಮೇಲೆ ಬಿದ್ದ ನೆರಳನ್ನು ಬಹಳ ಹೊತ್ತು ನೋಡುತ್ತಾಳೆ. ಆಮೇಲೆ ದಿನವೂ ಅದೇ ಮಾತು, ಒಳಗೆ ಕಂಪ್ಯೂಟರಿನ ಮುಂದಿರುವ ಮಗನಿಗೆ ಕೇಳಿಸುವಷ್ಟು ಗಟ್ಟಿಯಾಗಿ.

"ಎಷ್ಟೊತ್ತು ಅಂತ ಕೈ ಎತ್ಕೊಂಡು ನಿಂತಿರ್ತೀಯ ತಾಯಿ? ಕೂತ್ಕೋಬಾರ್ದಾ ಒಸಿ?"

"ಕೂತಿದೀನಿ ಅತ್ತಮ್ಮ" ಎನ್ನುತ್ತಾಳೆ ತ್ರಿವೇಣಿ.